ಎತ್ತರದ ದಡ, ಗಾಳದ ಮೀನು

ಬಾವಿಯಲ್ಲಿ ನೀರು ಸೇದಿದವರಿಗೆಲ್ಲ ತಿಳಿದಿರುವ ಸಂಗತಿಯೊಂದುಂಟು. ತುಂಬಿದ ಕೊಡವು ನೀರಿನಲ್ಲಿ ಮುಳುಗಿರುವವರೆಗೂ ಹಗ್ಗ ಹಿಡಿದ ಕೈಗೆ ಬರಿಯ ಕೊಡದಷ್ಟೇ ಹಗುರವಾಗಿರುತ್ತದೆ. ಅದರ ಬುಡವು ನೀರನ್ನು ಬಿಟ್ಟು ಮೇಲೆದ್ದ ಕ್ಷಣದಲ್ಲಿ ಹಗ್ಗವು ಬಿಗಿಯುತ್ತದೆ, ರಾಟೆ ಕಿರುಗುಟ್ಟುತ್ತದೆ, ತೋಳು ಸೆಟೆದುಕೊಳ್ಳುತ್ತದೆ. ಹಳೆಯ ಹಗ್ಗವು ಹರಿಯುವುದಿದ್ದರೆ ಆಗಲೇ ಹರಿಯುತ್ತದೆ. ಕೊಡದಲ್ಲಿದ್ದ ನೀರು ಹೆಚ್ಚಾಗಲಿಲ್ಲ; ಆದರೂ ಈ ಭಾರವು ಎಲ್ಲಿಂದ ಬಂತು?

ಎತ್ತರದ ದಡದ ಮೇಲೆ ನಿಂತು ಗಾಳ ಹಾಕುವವನ ಮುಂದೆ ಬರುವ ಪ್ರಶ್ನೆಯೂ ಇದೇ. ಮೀನು ಗಾಳಕ್ಕೆ ಸಿಕ್ಕಿತು, ಆಡಿಸಿ ದಣಿಸಿದ್ದಾಯಿತು, ದಡದ ಬುಡಕ್ಕೆ ಬಂದೂ ಬಂತು. ಆದರೆ ನಿಂತಿರುವ ಬಂಡೆಗೂ ನೀರಿಗೂ ನಡುವೆ ಎರಡಾಳು ಎತ್ತರವಿದೆ. ಇಳಿಯಲು ದಾರಿಯಿಲ್ಲ, ಕೈಗೆ ಎಟುಕುವುದಿಲ್ಲ. ದಾರವನ್ನು ಹಿಡಿದು ಜಗ್ಗಿದರೆ ಅರ್ಧ ದಾರಿಯಲ್ಲಿ ದಾರ ಹರಿದು ಮೀನು ನೀರಿಗೆ ಬೀಳುತ್ತದೆ. ಬಗ್ಗಿದರೆ ಮನುಷ್ಯನೇ ನೀರಿಗೆ ಬೀಳುತ್ತಾನೆ. ಈ ಸಣ್ಣ ಸಂಕಟದಲ್ಲಿ ಭೌತವಿಜ್ಞಾನದ ಅನೇಕ ನಿಯಮಗಳು ಅಡಗಿವೆ. ಅವನ್ನು ಒಂದೊಂದಾಗಿ ನೋಡೋಣ.

ನಮ್ಮ ನಾಡಿನ ಎತ್ತರದ ದಡಗಳು

ಬೆಂಗಳೂರಿನ ಮಹಾಲಕ್ಷ್ಮಿ ಲೇಔಟಿನಂಥ ಬಡಾವಣೆಯಲ್ಲಿ ವಾಸಿಸುವ ವಿದ್ಯಾರ್ಥಿಗೆ ನದಿಯೆಲ್ಲಿ, ನಾವೆಲ್ಲಿ ಎನ್ನಿಸಬಹುದು. ಆದರೆ ನದಿಯ ಸಂಬಂಧ ಅವನಿಗೆ ತಪ್ಪಿದ್ದಲ್ಲ. ಪಶ್ಚಿಮ ಬೆಂಗಳೂರಿನ ಬಹುಭಾಗದಲ್ಲಿ ಬಿದ್ದ ಮಳೆನೀರು ರಾಜಕಾಲುವೆಗಳ ಮೂಲಕ ವೃಷಭಾವತಿಯನ್ನು ಸೇರುತ್ತದೆ. ವೃಷಭಾವತಿಯು ಕೆಂಗೇರಿ, ಬೈರಮಂಗಲಗಳ ಮೇಲೆ ಹರಿದು ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿಯು ಕನಕಪುರದಿಂದಾಚೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರು ಕೆಳಗೆ ಮೇಕೆದಾಟು. ಅಗಲವಾಗಿ ಹರಿಯುವ ಕಾವೇರಿಯು ಅಲ್ಲಿ ಕಗ್ಗಲ್ಲಿನ ಇಕ್ಕಟ್ಟಾದ ಬಿರುಕಿನಲ್ಲಿ ನುಗ್ಗುತ್ತದೆ. ನೀರು ಆಳದಲ್ಲಿದೆ, ದಡವು ಗೋಡೆಯಂತೆ ಎದ್ದಿದೆ. ಎತ್ತರದ ದಡವೆಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇಷ್ಟು ಭಯಂಕರವಲ್ಲದ ಉದಾಹರಣೆಗಳೂ ಉಂಟು. ಕಲ್ಲು ಕಟ್ಟಿದ ಕೆರೆಯ ಏರಿ, ಸೇತುವೆ, ಅಣೆಕಟ್ಟೆಯ ಗೋಡೆ, ಮಲ್ಪೆಯಂಥ ಬಂದರುಗಳಲ್ಲಿ ಅಲೆಗಳನ್ನು ತಡೆಯಲು ಕಟ್ಟಿದ ಕಲ್ಲಿನ ಒಡ್ಡು, ಕರಾವಳಿಯಲ್ಲಿ ಕಡಲಿಗೆ ಚಾಚಿಕೊಂಡಿರುವ ಬಂಡೆಗಳು, ಇವೆಲ್ಲವೂ ಒಂದೇ ಜಾತಿಯ ದಡಗಳು. ಎಲ್ಲದರಲ್ಲಿಯೂ ನೀರಿಗೂ ಮನುಷ್ಯನಿಗೂ ನಡುವೆ ಇಳಿಜಾರಿಲ್ಲ. ಇರುವುದು ನೇರ ಎತ್ತರ.

ನೀರು ಹೊರುವ ಭಾರ

ಬಾವಿಯ ಕೊಡದ ರಹಸ್ಯವನ್ನು ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿಯೇ ಆರ್ಕಿಮಿಡೀಸನು ಬಿಡಿಸಿದನು. ನೀರಿನಲ್ಲಿ ಮುಳುಗಿದ ವಸ್ತುವು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆಯೋ ಅಷ್ಟು ನೀರಿನ ತೂಕಕ್ಕೆ ಸಮನಾದ ಬಲದಿಂದ ನೀರು ಅದನ್ನು ಮೇಲಕ್ಕೆ ನೂಕುತ್ತದೆ. ಮೀನಿನ ದೇಹದ ಸಾಂದ್ರತೆಯು ನೀರಿನ ಸಾಂದ್ರತೆಗೆ ಬಹಳ ಹತ್ತಿರ. ಅದರ ಮಾಂಸವೂ ಮೂಳೆಯೂ ನೀರಿಗಿಂತ ಸ್ವಲ್ಪ ಭಾರವಾದರೂ, ನಮ್ಮ ನದಿಯ ಮೀನುಗಳಲ್ಲಿ ಬಹುಪಾಲಿಗೆ ಹೊಟ್ಟೆಯೊಳಗೆ ಒಂದು ಗಾಳಿಚೀಲವಿದ್ದು, ಅದು ಈ ಕೊರತೆಯನ್ನು ಸರಿದೂಗಿಸುತ್ತದೆ. ಆದ್ದರಿಂದ 4 ಕಿಲೋಗ್ರಾಂ ಮೀನು ನೀರಿನೊಳಗೆ ಹೆಚ್ಚುಕಡಿಮೆ ತೂಕವೇ ಇಲ್ಲದಂತೆ ತೇಲಿಕೊಂಡಿರುತ್ತದೆ.

ಹಾಗಾದರೆ ನೀರಿನಲ್ಲಿರುವಾಗ ಗಾಳದ ದಾರವನ್ನು ಎಳೆಯುವುದು ಯಾವುದು? ಮೀನಿನ ಸ್ನಾಯುಬಲ ಒಂದು, ಹರಿಯುವ ನೀರಿನ ನೂಕು ಇನ್ನೊಂದು. ಎರಡನೆಯದನ್ನು ಅಲಕ್ಷ್ಯ ಮಾಡಲಾಗದು. ಪ್ರವಾಹದ ವೇಗವು ಇಮ್ಮಡಿಯಾದರೆ ಅದರ ಎಳೆತವು ಸುಮಾರು ನಾಲ್ಕು ಪಾಲಾಗುತ್ತದೆ. ಅನುಭವಶಾಲಿಗಳು ಮೀನನ್ನು ಪ್ರವಾಹಕ್ಕೆ ಎದುರಾಗಿ ಎಳೆಯದೆ, ತಾವೇ ದಡದುದ್ದಕ್ಕೂ ನಡೆದು, ನೀರು ಸುಮ್ಮನಿರುವ ಮಡುವಿಗೆ ಅದನ್ನು ಕರೆತರುವುದು ಇದೇ ಕಾರಣದಿಂದ. ಮೀನು ದಣಿದ ಮೇಲೆ ಈ ಎರಡು ಬಲಗಳೂ ತಗ್ಗುತ್ತವೆ. ಆಗ ಸಣ್ಣ ದಾರವೂ ದೊಡ್ಡ ಮೀನನ್ನು ನಡೆಸಬಲ್ಲುದು.

ಆದರೆ ಅದೇ ಮೀನನ್ನು ನೀರಿನಿಂದ ಮೇಲಕ್ಕೆ ಎತ್ತಿದೊಡನೆ ನೀರಿನ ಆಸರೆ ತಪ್ಪಿ, 4 ಕಿಲೋಗ್ರಾಂ ತೂಕವೂ ದಾರದ ಮೇಲೆ ಬೀಳುತ್ತದೆ. ದಾರವು ನೀರಿನಲ್ಲಿ ಮಾಡುತ್ತಿದ್ದ ಕೆಲಸವೇ ಬೇರೆ, ಈಗ ಮಾಡಬೇಕಾದ ಕೆಲಸವೇ ಬೇರೆ.

ದಾರವು ಏಕೆ ಹರಿಯುತ್ತದೆ?

5 ಕಿಲೋಗ್ರಾಂ ತೂಕವನ್ನು ತಡೆಯಬಲ್ಲ ದಾರ ನಮ್ಮಲ್ಲಿದೆ ಎನ್ನೋಣ. ಮೀನಿನ ತೂಕ 4 ಕಿಲೋಗ್ರಾಂ ಮಾತ್ರ. ದಾರವು ತಾಳಬೇಕಲ್ಲವೆ? ತಾಳುವುದಿಲ್ಲ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಗಂಟು. ಗಾಳದ ಕೊಕ್ಕೆಯನ್ನು ದಾರಕ್ಕೆ ಗಂಟು ಹಾಕಿಯೇ ಕಟ್ಟಬೇಕು. ಗಂಟಿನಲ್ಲಿ ದಾರವು ಬಳುಕಿ, ತನ್ನ ಮೇಲೆ ತಾನೇ ಒತ್ತಿಕೊಳ್ಳುವುದರಿಂದ ಅಲ್ಲಿ ಅದರ ಶಕ್ತಿಯು ಕುಂದುತ್ತದೆ. ಸುರುಳಿಯ ಮೇಲೆ ಅಚ್ಚು ಹಾಕಿದ ಅಂಕಿಯು ನೇರವಾದ ಹೊಸ ದಾರದ್ದು. ಗಂಟು ಹಾಕಿದ ಹಳೆಯ ದಾರದ್ದಲ್ಲ.

ಎರಡನೆಯ ಕಾರಣ ಇನ್ನೂ ಮುಖ್ಯವಾದುದು. ತೂಕವನ್ನು ಮೆಲ್ಲಗೆ ಹೇರುವುದಕ್ಕೂ ಒಮ್ಮೆಲೇ ಹೇರುವುದಕ್ಕೂ ವ್ಯತ್ಯಾಸವುಂಟು. ಹಿಗ್ಗುವ ದಾರವೊಂದಕ್ಕೆ ತೂಕವನ್ನು ಕಟ್ಟಿ, ಕೈಯಲ್ಲಿ ಹಿಡಿದು, ಥಟ್ಟನೆ ಬಿಟ್ಟುಬಿಡಿ. ತೂಕವು ಕೆಳಗಿಳಿಯುವಾಗ ಗುರುತ್ವವು ಮಾಡುವ ಕೆಲಸವು ತೂಕ ಮತ್ತು ಇಳಿದ ದೂರಗಳ ಗುಣಲಬ್ಧ. ದಾರದ ಬಿಗಿತವಾದರೋ ಸೊನ್ನೆಯಿಂದ ಪ್ರಾರಂಭವಾಗಿ ಕ್ರಮವಾಗಿ ಏರುತ್ತದೆ. ಅದು ಮಾಡುವ ಕೆಲಸವು ಸರಾಸರಿ ಬಿಗಿತ ಮತ್ತು ಅದೇ ದೂರಗಳ ಗುಣಲಬ್ಧ. ಸರಾಸರಿ ಎಂದರೆ ಗರಿಷ್ಠ ಬಿಗಿತದ ಅರ್ಧ. ತೂಕವು ಕೆಳಗೆ ಹೋಗಿ ಒಂದು ಕ್ಷಣ ನಿಂತಾಗ ಈ ಎರಡು ಕೆಲಸಗಳೂ ಸಮವಾಗಿರಬೇಕು. ಹಾಗಾಗಬೇಕಾದರೆ ಗರಿಷ್ಠ ಬಿಗಿತವು ತೂಕದ ಎರಡರಷ್ಟಾಗಿರಲೇಬೇಕು! ಹೀಗೆ 4 ಕಿಲೋಗ್ರಾಂ ಮೀನು 8 ಕಿಲೋಗ್ರಾಮಿನ ಎಳೆತವನ್ನು ಕೊಡುತ್ತದೆ.

ಮೀನೇನೂ ಕಲ್ಲಲ್ಲ. ಗಾಳಿಗೆ ಬಂದೊಡನೆ ಅದು ಬಾಲವನ್ನು ಬಡಿದು ಚಿಮ್ಮುತ್ತದೆ. ಚಿಮ್ಮಿದಾಗ ದಾರವು ಸಡಿಲವಾಗಿ, ಮರುಕ್ಷಣ ಮೀನು ಕೆಳಗೆ ಬಿದ್ದು ದಾರವನ್ನು ಜಗ್ಗುತ್ತದೆ. 4 ಕಿಲೋಗ್ರಾಂ ತೂಕಕ್ಕೆ 40 ಸೆಂಟಿಮೀಟರು ಹಿಗ್ಗುವ ದಾರದಲ್ಲಿ ಮೀನು 10 ಸೆಂಟಿಮೀಟರು ಮಾತ್ರ ಬಿದ್ದಿತೆನ್ನೋಣ. ಮೇಲಿನ ರೀತಿಯಲ್ಲಿಯೇ ಲೆಕ್ಕ ಹಾಕಿದರೆ ಗರಿಷ್ಠ ಎಳೆತವು ಸುಮಾರು 8.9 ಕಿಲೋಗ್ರಾಂ ಆಗುತ್ತದೆ. ದಾರವು ಗಡುಸಾಗಿದ್ದು 4 ಸೆಂಟಿಮೀಟರು ಮಾತ್ರ ಹಿಗ್ಗುವುದಾದರೆ ಅದೇ ಬೀಳುವಿಕೆಗೆ ಎಳೆತವು ಸುಮಾರು 13.8 ಕಿಲೋಗ್ರಾಂ ಆಗುತ್ತದೆ. ಹಿಗ್ಗುವ ನೈಲಾನ್ ತಂಗೂಸು ಕ್ಷಮಿಸುವ ತಪ್ಪನ್ನು ಹೆಣೆದ ಗಡುಸು ದಾರವು ಕ್ಷಮಿಸುವುದಿಲ್ಲ ಎಂಬುದು ಇದರಿಂದ ಸ್ಪಷ್ಟ.

ಗಾಳದ ಕೋಲು ಏತವಲ್ಲ

ದಾರದ ಬದಲು ಕೋಲಿನಿಂದಲೇ ಮೀನನ್ನು ಎತ್ತಬಹುದಲ್ಲ ಎಂದು ವಾಚಕರು ಕೇಳಬಹುದು. ಸನ್ನೆಯ ನಿಯಮವನ್ನು ಇಲ್ಲಿ ನೆನೆಯಬೇಕು. ಸನ್ನೆಕೋಲಿನಿಂದ ಬಂಡೆಯನ್ನು ಮೀಟುವಾಗ ಉದ್ದನೆಯ ತೋಳು ನಮ್ಮ ಕಡೆಗಿರುತ್ತದೆ, ಗಿಡ್ಡ ತೋಳು ಬಂಡೆಯ ಕಡೆಗಿರುತ್ತದೆ. ಏತದಲ್ಲಿ ನೀರಿನ ಭಾರವನ್ನು ಸರಿದೂಗಿಸಲು ಇನ್ನೊಂದು ತುದಿಯಲ್ಲಿ ಕಲ್ಲಿನ ಭಾರವೋ ಆಳಿನ ಭಾರವೋ ಇರುತ್ತದೆ. ಗಾಳದ ಕೋಲಿನಲ್ಲಿ ಎಲ್ಲವೂ ತಿರುವುಮುರುವು. ಎರಡೂವರೆ ಮೀಟರು ಉದ್ದದ ಕೋಲಿನ ಬುಡವನ್ನು ಒಂದು ಕೈಯಲ್ಲಿಯೂ ಅಲ್ಲಿಂದ ಅರ್ಧ ಮೀಟರು ಮುಂದೆ ಇನ್ನೊಂದು ಕೈಯಲ್ಲಿಯೂ ಹಿಡಿದಿದ್ದೇವೆ. ಮೀನು ಮುಂಗೈಯಿಂದ ಎರಡು ಮೀಟರು ದೂರದ ತುದಿಯಲ್ಲಿ ತೂಗುತ್ತಿದೆ. ಕೋಲು ನೆಲಕ್ಕೆ ಸಮಾಂತರವಾಗಿರುವಾಗ 4 ಕಿಲೋಗ್ರಾಂ ಮೀನನ್ನು ತಡೆಯಲು ಬುಡದ ಕೈಯು 16 ಕಿಲೋಗ್ರಾಮಿನ ಬಲದಿಂದ ಕೆಳಕ್ಕೆ ಒತ್ತಬೇಕು. ಮುಂಗೈಯು 20 ಕಿಲೋಗ್ರಾಮನ್ನು ಹೊರಬೇಕು.

ಕಷ್ಟವಾಯಿತೆಂದು ಕೋಲನ್ನು ಹಿಂದಕ್ಕೆ ವಾಲಿಸಿ ನೆಟ್ಟಗೆ ನಿಲ್ಲಿಸಿದರೆ ಇನ್ನೊಂದು ಅಪಾಯ ಒದಗುತ್ತದೆ. ಆಗ ಬಾಗೆಲ್ಲವೂ ಕೋಲಿನ ತೆಳ್ಳನೆಯ ತುದಿಯಲ್ಲಿ ಸೇರಿಕೊಳ್ಳುತ್ತದೆ. ದಪ್ಪನಾದ ಬುಡವು ಕೆಲಸವಿಲ್ಲದೆ ನಿಂತಿರುತ್ತದೆ. ತುದಿಯು ಲಟಕ್ಕನೆ ಮುರಿಯುತ್ತದೆ. ಕೋಲು ಇರುವುದು ಬಾಗಿ, ಜಗ್ಗಿನ ಹೊಡೆತವನ್ನು ಮೆತ್ತಗೆ ಮಾಡುವುದಕ್ಕೆ, ಭಾರವನ್ನು ಎತ್ತುವುದಕ್ಕಲ್ಲ.

ಬಂಡೆಯ ಅಂಚು

ಕೋಲನ್ನು ಕೆಳಗಿಟ್ಟು ದಾರವನ್ನು ಕೈಯಿಂದಲೇ ಸೇದಿದರೆ ಅದು ಬಂಡೆಯ ಅಂಚಿನ ಮೇಲೆ ಉಜ್ಜಿಕೊಂಡು ಬರುತ್ತದೆ. ಬಾವಿಗೆ ರಾಟೆಯನ್ನು ಏಕೆ ಹಾಕಿದ್ದಾರೆಂಬುದು ಇಲ್ಲಿ ಅರ್ಥವಾಗುತ್ತದೆ. ರಾಟೆಯು ಹಗ್ಗದೊಡನೆ ತಾನೂ ತಿರುಗುತ್ತದೆ, ಬಂಡೆಯು ತಿರುಗುವುದಿಲ್ಲ. ದಾರವು ಅಂಚಿನಲ್ಲಿ ಕಾಲು ಸುತ್ತು ಬಾಗಿದಾಗ, ಘರ್ಷಣೆಯ ಗುಣಾಂಕವು 0.3 ಎಂದಿಟ್ಟುಕೊಂಡರೆ, ಕೈಯ ಕಡೆಯ ಎಳೆತವು ಮೀನಿನ ಕಡೆಯದಕ್ಕಿಂತ 1.6 ಪಾಲಾಗಬೇಕು. 4 ಕಿಲೋಗ್ರಾಮಿಗೆ 6.4 ಕಿಲೋಗ್ರಾಂ! ಇದರ ಜೊತೆಗೆ, ಕಗ್ಗಲ್ಲಿನಲ್ಲಿರುವ ಬೆಣಚಿನ ಹರಳುಗಳು ನೈಲಾನಿಗಿಂತ ಬಹಳ ಗಡುಸು. ಬಿಗಿಯಾದ ದಾರವನ್ನು ಅವು ಗರಗಸದಂತೆ ಕೊಯ್ಯುತ್ತವೆ. ಹರಿದ ದಾರವು ಸೀಸದ ಗುಂಡಿನೊಡನೆ ಕವಣೆಯಂತೆ ಮುಖಕ್ಕೆ ಚಿಮ್ಮಿ ಬರಬಹುದೆಂಬುದನ್ನೂ ಮರೆಯಬಾರದು.

ಇಳಿಬಿಡುವ ಬಲೆ

ಹಾಗಾದರೆ ಉಪಾಯವೇನು? ಉಪಾಯವು ನಮ್ಮ ಬೀದಿಗಳಲ್ಲಿಯೇ ಇದೆ. ಮಹಡಿಯ ಮೇಲಿನ ಮನೆಯವರು ಹಗ್ಗ ಕಟ್ಟಿದ ಬುಟ್ಟಿಯನ್ನು ಇಳಿಬಿಟ್ಟು ಸೊಪ್ಪಿನವಳಿಂದ ಸೊಪ್ಪು ಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. ಸೇತುವೆ, ಒಡ್ಡುಗಳ ಮೇಲೆ ನಿಂತು ಮೀನು ಹಿಡಿಯುವವರು ಪ್ರಪಂಚದ ಎಲ್ಲ ಕಡೆಗಳಲ್ಲಿಯೂ ಬಳಸುವುದು ಇದೇ ಬುಟ್ಟಿಯನ್ನು. ಲೋಹದ ಬಳೆಯೊಂದಕ್ಕೆ ಬಲೆಯ ಚೀಲವನ್ನು ಕಟ್ಟಿ, ಬಳೆಗೆ ಮೂರು ನಾಲ್ಕು ಕಡೆ ಹುರಿಗಳನ್ನು ಬಿಗಿದು, ಅವನ್ನು ಒಂದು ಗಟ್ಟಿ ಹಗ್ಗಕ್ಕೆ ಸೇರಿಸುತ್ತಾರೆ. ಬಲೆಯು ನೀರಿನಲ್ಲಿ ಮುಳುಗಲೆಂದು ಚೀಲದ ತಳದಲ್ಲಿ ಒಂದು ಕಲ್ಲನ್ನೋ ಸೀಸದ ತುಂಡನ್ನೋ ಇಡುವುದುಂಟು.

ಇದನ್ನು ಬಳಸುವುದಕ್ಕೆ ಇಬ್ಬರಿದ್ದರೆ ಉತ್ತಮ. ಪ್ರವಾಹವಿದ್ದಲ್ಲಿ ಬಲೆಯನ್ನು ಮೀನಿಗಿಂತ ಕೆಳಹರಿವಿನಲ್ಲಿ ಇಳಿಬಿಡಬೇಕು. ಆಗ ನೀರೇ ಮೀನನ್ನು ಬಲೆಯ ಕಡೆಗೆ ತರುತ್ತದೆ. ಬಲೆಯನ್ನು ಮೊದಲೇ ಮುಳುಗಿಸಿ ಸುಮ್ಮನಿರಿಸಿ, ದಣಿದ ಮೀನನ್ನು ಅದರ ಮೇಲಕ್ಕೆ ನಡೆಸಬೇಕು. ಬಲೆಯಿಂದ ಮೀನನ್ನು ಅಟ್ಟಿಸಿಕೊಂಡು ಹೋದರೆ ಅದು ಬೆದರಿ ಹೊಸ ಬಲದಿಂದ ಓಡುತ್ತದೆ. ಮೀನು ಬಳೆಯೊಳಗೆ ಬಂದೊಡನೆ ಗಾಳದ ದಾರವನ್ನು ಸಡಿಲಬಿಟ್ಟು ಬಲೆಯ ಹಗ್ಗವನ್ನು ಸೇದಬೇಕು. ಕಿರುಬೆರಳಿಗಿಂತ ಸಣ್ಣದಾದ ನೈಲಾನ್ ಹಗ್ಗವೂ ನೂರಾರು ಕಿಲೋಗ್ರಾಮುಗಳನ್ನು ತಾಳುವುದರಿಂದ ಮೀನಿನ ಭಾರವು ಅದಕ್ಕೊಂದು ಲೆಕ್ಕವೇ ಅಲ್ಲ. ಭಾರ ಹೊರುವ ಕೆಲಸವನ್ನು ದಾರದಿಂದ ತೆಗೆದು ಹಗ್ಗಕ್ಕೆ ಒಪ್ಪಿಸಿದೆವು. ಇಷ್ಟೇ ಈ ಉಪಾಯದ ಸಾರ.

ಕಡಲ ತೀರದಲ್ಲಿ ಇನ್ನೊಂದು ಸಹಾಯವುಂಟು, ಅದೇ ಅಲೆ. ನಮ್ಮ ಕರಾವಳಿಯಲ್ಲಿ 1970ರ ದಶಕದಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆಗಳು ಬರುವವರೆಗೆ ಮೆರೆದ ರಂಪಣಿಯನ್ನು ನೆನೆಯೋಣ. ಹತ್ತಾರು ಜನರು ದಡದಲ್ಲಿ ನಿಂತು ಎಳೆಯುತ್ತಿದ್ದ ಆ ಭಾರಿ ಬಲೆಯಲ್ಲಿ ರಾಶಿ ರಾಶಿ ಬಂಗುಡೆ, ಬೂತಾಯಿಗಳು ಬರುತ್ತಿದ್ದವು. ಆ ಭಾರವನ್ನು ಯಾರೂ ನೇರವಾಗಿ ಎತ್ತುತ್ತಿರಲಿಲ್ಲ. ನೀರೇ ಅದನ್ನು ಹೊತ್ತು ತರುತ್ತಿತ್ತು, ಮರಳಿನ ಇಳಿಜಾರು ಉಳಿದುದನ್ನು ಹೊರುತ್ತಿತ್ತು. ಬಂಡೆಯ ದಡದಲ್ಲಿಯೂ ಇದೇ ಯುಕ್ತಿಯನ್ನು ಸಣ್ಣ ಪ್ರಮಾಣದಲ್ಲಿ ಮಾಡಬಹುದು. ಏರುವ ಅಲೆಯೊಡನೆ ಮೀನನ್ನು ತಂದು, ಅಲೆ ಇಳಿದಾಗ ಅದು ತಗ್ಗಿನ ಮೆಟ್ಟಿಲೊಂದರ ಮೇಲೆ ಉಳಿಯುವಂತೆ ಮಾಡಿ, ಮುಂದಿನ ಅಲೆಗೆ ಕಾಯುವುದು. ಅಲೆಯು ಹಿಂದಕ್ಕೆ ಸೆಳೆಯುವಾಗ ಎದುರು ಜಗ್ಗುವವನು ದಾರವನ್ನು ಕಳೆದುಕೊಳ್ಳುತ್ತಾನೆ.

ಮೀನಿನ ಪಾಡು

ಇದುವರೆಗೆ ದಾರದ ಕಷ್ಟವನ್ನು ನೋಡಿದೆವು. ಮೀನಿನ ಕಷ್ಟವು ಅದಕ್ಕಿಂತ ದೊಡ್ಡದು. ನೀರಿನಲ್ಲಿ ಅದರ ದೇಹಕ್ಕೆ ಎಲ್ಲ ಕಡೆಯಿಂದಲೂ ಆಸರೆಯಿತ್ತು. ಗಾಳದಿಂದ ತೂಗಹಾಕಿದಾಗ ಪೂರ್ತಿ ತೂಕವು ದವಡೆಯ ಒಂದು ಸಣ್ಣ ತೂತಿನಲ್ಲಿ ನಿಲ್ಲುತ್ತದೆ. ತನ್ನ ಭಾರವನ್ನು ತಾನೇ ಹೊರುವ ಅಭ್ಯಾಸವಿಲ್ಲದ ಬೆನ್ನೆಲುಬು ಜಗ್ಗುತ್ತದೆ.

ಕಿವಿರುಗಳ ಗತಿ ಇನ್ನೂ ಕಠಿಣ. ಕಿವಿರಿನ ನವುರಾದ ಎಸಳುಗಳು ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿಕೊಂಡು ಆಮ್ಲಜನಕವನ್ನು ಹೀರುತ್ತವೆ. ಬಣ್ಣದ ಕುಂಚವನ್ನು ನೀರಿನಿಂದ ಹೊರಕ್ಕೆ ತೆಗೆದಾಗ ಅದರ ಕೂದಲುಗಳು ಅಂಟಿಕೊಂಡು ಒಂದೇ ಮೊನೆಯಾಗುವುದನ್ನು ನೋಡಿದ್ದೇವಷ್ಟೆ. ಮೇಲ್ಮೈ ಎಳೆತದಿಂದ ಕಿವಿರಿನ ಎಸಳುಗಳೂ ಹಾಗೆಯೇ ಅಂಟಿಕೊಳ್ಳುತ್ತವೆ. ಸುತ್ತಲೂ ಆಮ್ಲಜನಕವಿದ್ದರೂ ಮೀನು ಉಸಿರುಗಟ್ಟುತ್ತದೆ. ಕೆನಡಾದ ವಿಜ್ಞಾನಿಗಳು 1992ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಚೆನ್ನಾಗಿ ದಣಿಸಿದ ಟ್ರೌಟ್ ಮೀನುಗಳನ್ನು ಗಾಳಿಗೆ ಒಡ್ಡದೆ ಬಿಟ್ಟಾಗ 12 ಗಂಟೆಗಳ ನಂತರ ನೂರಕ್ಕೆ 88 ಬದುಕಿದ್ದುವು. 30 ಸೆಕೆಂಡು ಗಾಳಿಗೆ ಒಡ್ಡಿದವುಗಳಲ್ಲಿ 62, ಒಂದು ನಿಮಿಷ ಒಡ್ಡಿದವುಗಳಲ್ಲಿ 28 ಮಾತ್ರ ಉಳಿದುವು. ಎಲ್ಲ ಜಾತಿಯ ಮೀನುಗಳಿಗೂ ಇದೇ ಅಂಕಿಗಳು ಸಲ್ಲುವುದಿಲ್ಲ. ಆದರೆ ಒಂದೊಂದು ಸೆಕೆಂಡಿಗೂ ಬೆಲೆಯಿದೆ ಎಂಬ ತತ್ತ್ವ ಎಲ್ಲಕ್ಕೂ ಸಲ್ಲುತ್ತದೆ. ಮೀನನ್ನು ಮತ್ತೆ ನೀರಿಗೆ ಬಿಡುವ ಉದ್ದೇಶವಿದ್ದವರು ಎತ್ತರದ ದಡಕ್ಕೆ ಹೋಗಲೇಬಾರದು.

ಕಾವೇರಿಯ ಬಿಳಿಮೀನು

ಇದು ಬರಿಯ ದಯೆಯ ಮಾತಲ್ಲವೆಂಬುದನ್ನು ಕಾವೇರಿಯ ಮಹಶೀರ್ ಮೀನಿನ ಚರಿತ್ರೆಯು ತೋರಿಸುತ್ತದೆ. ನಮ್ಮವರು ಇದನ್ನು ಬಿಳಿಮೀನು ಎನ್ನುತ್ತಾರೆ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲ್ಲಿವನ್ ಥಾಮಸನು 1873ರಲ್ಲಿ ಪ್ರಕಟಿಸಿದ ಗಾಳದ ಪುಸ್ತಕದಿಂದ ಮಹಶೀರ್ ಮೀನಿನ ಹೆಸರು ದೂರದೇಶಗಳಿಗೂ ಹರಡಿತು. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಾವೇರಿಯ ಜಲಾನಯನದಲ್ಲಿ ಹಿಡಿದ ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತು. ಅಂಥ ಮೀನನ್ನು ಯಾವ ದಾರವೂ ಬಂಡೆಯ ಮೇಲಕ್ಕೆ ಎತ್ತಲಾರದು. ಹರಿಗೋಲಿನಲ್ಲಿ ಅದರ ಹಿಂದೆಯೇ ಹೋಗಿ, ತಗ್ಗಾದ ಮರಳು ದಡಕ್ಕೆ ಅದನ್ನು ತರುವುದೇ ಅಲ್ಲಿನ ವಾಡಿಕೆಯಾಗಿತ್ತು.

ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಗಾಳದ ಶಿಬಿರಗಳು ನಡೆಯುತ್ತಿದ್ದ ಕಾಲದಲ್ಲಿ ರಾಗಿಮುದ್ದೆಯ ಎರೆಗೆ ಸಿಕ್ಕಿದ ಮೀನನ್ನು ಅಳೆದು ತೂಗಿ, ಬರೆದಿಟ್ಟುಕೊಂಡು, ಜೀವಂತವಾಗಿ ಹೊಳೆಗೆ ಬಿಡುತ್ತಿದ್ದರು. ಗಾಳಿಬೋರೆಯ 1998ರಿಂದ 2012ರವರೆಗಿನ ಲೆಕ್ಕದ ಪುಸ್ತಕಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ಆತಂಕದ ಸಂಗತಿಯೊಂದು ಹೊರಬಿತ್ತು. ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರುಗಳು ಹೆಚ್ಚುತ್ತಿದ್ದುವು. ಕಾವೇರಿಯದೇ ಆದ ಡುಬ್ಬದ ಮಹಶೀರಿನಲ್ಲಿ ಮರಿಗಳೇ ಕಾಣೆಯಾಗುತ್ತಿದ್ದುವು. ಈ ಡುಬ್ಬದ ಮೀನಿಗೆ ಖಚಿತವಾದ ಶಾಸ್ತ್ರೀಯ ಹೆಸರು, ಟಾರ್ ರೇಮಾದೇವಿ ಎಂದು, ದೊರೆತದ್ದು 2018ರಲ್ಲಿ. ಅದೇ ವರ್ಷ ಅದನ್ನು ಅತ್ಯಂತ ಗಂಡಾಂತರದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಹಿಡಿದವರು ಮೀನನ್ನು ಜೋಪಾನವಾಗಿ ದಡಕ್ಕೆ ತಂದು ಲೆಕ್ಕ ಬರೆಯದಿದ್ದರೆ ಈ ನಷ್ಟವು ತಿಳಿಯುತ್ತಲೇ ಇರಲಿಲ್ಲ. ಆ ಪ್ರದೇಶವು 1987ರಿಂದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದುದು. ಗಾಳದ ಶಿಬಿರಗಳು ನಿಂತುಹೋಗಿವೆ. ಅಲ್ಲಿ ಗಾಳ ಹಾಕುವ ಆಸೆಯನ್ನು ಯಾರೂ ಇಟ್ಟುಕೊಳ್ಳಬಾರದು.

ಮನುಷ್ಯನ ಪ್ರಾಣ

ಎಲ್ಲಕ್ಕಿಂತ ಮಿಗಿಲಾದುದು ನಮ್ಮ ಪ್ರಾಣ. ನಿಂತವನ ಗುರುತ್ವಕೇಂದ್ರವು ಅವನ ಪಾದಗಳ ನಡುವಣ ನೆಲದ ಮೇಲೆ ಬೀಳುವವರೆಗೆ ಮಾತ್ರ ಅವನು ಸ್ಥಿರ. ಅಂಚಿನಲ್ಲಿ ಬಗ್ಗಿ ಕೈಚಾಚಿದರೆ ಅದು ಮುಂದಕ್ಕೆ ಸರಿಯುತ್ತದೆ. ಕೈಯಲ್ಲಿ ಮೀನಿನ ಭಾರವೂ ಸೇರಿದರೆ ಇನ್ನಷ್ಟು ಸರಿಯುತ್ತದೆ. ಪಾಚಿ ಕಟ್ಟಿದ ಒದ್ದೆಬಂಡೆಯಲ್ಲಿ ಪಾದಕ್ಕೆ ಹಿಡಿತವೂ ಇರುವುದಿಲ್ಲ. ಸಂಗಮ, ಮೇಕೆದಾಟುಗಳಲ್ಲಿ ಕಾಲು ಜಾರಿ ಸುಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡ ತರುಣರು ಹಲವರು. ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟಾಗ ಹೊಳೆಯು ಹೇಳದೆ ಕೇಳದೆ ಏರುವುದುಂಟು. ಕಡಲಲ್ಲಿಯಾದರೆ ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ಐದು ನಿಮಿಷ ಒಣಗಿದ್ದ ಬಂಡೆಯು ಆರನೆಯ ನಿಮಿಷದಲ್ಲಿ ಮುಳುಗಬಹುದು. ದಾರವನ್ನು ಕೈಗೆ ಸುತ್ತಿಕೊಳ್ಳಬಾರದು, ಒಬ್ಬಂಟಿಯಾಗಿ ನಿಲ್ಲಬಾರದು, ಹೋಗುವ ಮೀನಿಗಾಗಿ ಒಂದು ಹೆಜ್ಜೆಯನ್ನೂ ಮುಂದಿಡಬಾರದು.

ಮನೆಯಲ್ಲೊಂದು ಪ್ರಯೋಗ

ಈ ತತ್ತ್ವಗಳನ್ನು ಕಾಣಲು ಹೊಳೆಗೆ ಹೋಗಬೇಕಾಗಿಲ್ಲ. ಗಟ್ಟಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಅರ್ಧ ಲೀಟರು ನೀರು ತುಂಬಿ, ಗಾಳಿ ಉಳಿಯದಂತೆ ಬಾಯಿ ಕಟ್ಟಿ, ಸ್ಪ್ರಿಂಗ್ ತ್ರಾಸಿಗೆ ತೂಗಹಾಕಿ. ಅದನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದರೆ ಮುಳ್ಳು ಸೊನ್ನೆಯ ಹತ್ತಿರಕ್ಕೆ ಬರುತ್ತದೆ. ಮೇಲೆತ್ತಿದರೆ ಅರ್ಧ ಕಿಲೋಗ್ರಾಮಿಗೆ ಏರುತ್ತದೆ. ಈಗ ಚೀಲವನ್ನು ಅಂಗೈಯಿಂದ ಎತ್ತಿ ಹಿಡಿದು, ಮುಳ್ಳು ಸೊನ್ನೆಗೆ ಬಂದಾಗ ಕೈಯನ್ನು ಥಟ್ಟನೆ ತೆಗೆಯಿರಿ. ಮುಳ್ಳು ಒಂದು ಕಿಲೋಗ್ರಾಮಿನ ಸಮೀಪಕ್ಕೆ ಹಾರಿ ಹಿಂದಿರುಗುವುದನ್ನು ನೋಡುವಿರಿ. ಹರಿಯುವ ದಾರವು ಹರಿಯುವುದು ಆ ಒಂದು ಹಾರಿಕೆಯಲ್ಲಿ.

ಆದುದರಿಂದ ಗಾಳ ಹಾಕುವ ಮೊದಲೇ ಮೀನು ದಡಕ್ಕೆ ಬರುವ ದಾರಿಯನ್ನು ಗೊತ್ತುಮಾಡಿಕೊಳ್ಳಬೇಕು. ದಾರಿ ಕಾಣದಿದ್ದರೆ ಅಲ್ಲಿ ಗಾಳ ಹಾಕಬಾರದು. ಇನ್ನೊಂದು ಮಾತು. ನಮ್ಮ ಬಡಾವಣೆಗಳ ಮೋರಿಯಲ್ಲಿ ಹರಿದುಹೋಗುವ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಡುಬ್ಬದ ಮಹಶೀರು ಉಳಿಯಲು ಹೆಣಗುತ್ತಿರುವ ಕಾವೇರಿಯೂ ಅದೇ. ಗಾಳವನ್ನೇ ಮುಟ್ಟದ ನಗರವಾಸಿಯೂ ಆ ಮೀನಿನ ಅಳಿವು ಉಳಿವುಗಳಲ್ಲಿ ಪಾಲುದಾರನೇ ಆಗಿದ್ದಾನೆ.